ನಾನು ನೋಡದ ಗ್ರಹಣ

ಕಾಪುವಿನಲ್ಲಿರುವ ನನ್ನ ಗಂಡನ ಮನೆಯ ಹಂಚಿನ ಮಾಡು ಇಳಿಸುತ್ತಿದ್ದಾರೆ ಎಂದು ದೊಡ್ಡ ನಾದಿನಿ ಫೋನ್ ಮಾಡಿದಳು. "ನಿಮಗೆ ಎಂತಾದರೂ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಿ ಅತ್ತಿಗೆ. ಆಮೇಲೆ ಕೇಳಬೇಡಿ, ಅಲ್ವಾ?" ಆ ಮನೆಯಲ್ಲಿ ನನಗೆ ಬೇಕಾದದ್ದು ಏನೂ ಇರಲಿಲ್ಲ. ಆದರೂ ಮಣಿಪಾಲದಿಂದ ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ ಹಂಚುಗಳನ್ನು ಸಾಲಾಗಿ ಒರಗಿಸಿ ಇಟ್ಟಿದ್ದರು. ಜಗಲಿ ದಾಟಿ ಬಲೆಕೋಣೆಯ ಬಾಗಿಲಲ್ಲಿ ನಿಂತೆ. ಮೇಲೆ ಬರೀ ಆಕಾಶ. ಹಿಂದೆ ಈ ಮನೆಯವರಿಗೆ ಎರಡು ದೋಣಿಗಳಿದ್ದ ಕಾಲದಲ್ಲಿ ಬಲೆ, ಹಗ್ಗ, ಹುಟ್ಟು ಎಲ್ಲವನ್ನೂ ತುಂಬಿಡುತ್ತಿದ್ದ ಕೋಣೆ ಅದು. ಬಲೆ ಹೋಗಿ ಎಷ್ಟೋ ವರ್ಷವಾಗಿದೆ, ಮಾಡೂ ಹೋಯಿತು. ಮೀನೆಣ್ಣೆಯ ವಾಸನೆ ಮಾತ್ರ ಗೋಡೆಯೊಳಗೆ ಹಾಗೇ ಕೂತಿತ್ತು. ಬಾಗಿಲಿಗೆ ಹೊರಗಿನಿಂದ ಹಾಕುವ ಚಿಲಕವೂ ಹಾಗೇ ಇತ್ತು.

ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತನೇ ಇಸವಿ ನನ್ನ ಮುಂದೆ ಬಂದು ನಿಂತಿತು. ಆ ವರ್ಷವನ್ನು ಮರೆಯಲು ನಾನು ಸಾಕಷ್ಟು ಪ್ರಯತ್ನ ಮಾಡಿದ್ದೇನೆ. ಐ ಡಿಡ್ ಟ್ರೈ.

ನಾನು ಬೊಂಬಾಯಿಯಲ್ಲಿ ಹುಟ್ಟಿದವಳು. ಅಮ್ಮ ಬೇಗ ತೀರಿಹೋದ ಮೇಲೆ ಅಪ್ಪ ನನ್ನನ್ನು ಕಾರ್ಕಳದ ಕಡೆಯ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ತುಳು ಮಾತನಾಡುವ ಹಾಗಿರಲಿಲ್ಲ. ಬಾಯಿ ತಪ್ಪಿ ಒಂದು ತುಳು ಶಬ್ದ ಬಂದರೆ ಮರದ ಬಿಲ್ಲೆಯೊಂದನ್ನು ಕುತ್ತಿಗೆಗೆ ತೂಗುಹಾಕುತ್ತಿದ್ದರು. ಮುಂದಿನವಳು ತಪ್ಪು ಮಾಡುವ ತನಕ ಅದನ್ನು ಹೊತ್ತು ತಿರುಗಬೇಕು. ಮನೆಮಾತು ಕಲಿಯುವ ವಯಸ್ಸಿನಲ್ಲಿ ನಾನು ಹೇಲ್ ಮೇರಿ ಪ್ರಾರ್ಥನೆ ಕಲಿತೆ, ಗ್ರಾಮರ್ ಕಲಿತೆ. ಅವರ ಮೇಲೆ ಪೂರ್ತಿ ದೂರು ಹೇಳಲಾರೆ. ನಮಗೆ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಬಿಸ್ಕಿಟ್ ಡಬ್ಬಿಗೆ ಸೂಜಿಯಿಂದ ತೂತು ಮಾಡಿ ಪಿನ್‌ಹೋಲ್ ಕ್ಯಾಮೆರಾ ತೋರಿಸಿದ್ದರು. "ತೂತು ಯಾವ ಆಕಾರದ್ದಾದರೂ ಇರಲಿ ಗರ್ಲ್ಸ್, ಒಳಗೆ ಬೀಳುವುದು ಸೂರ್ಯನದೇ ಚಿತ್ರ" ಎಂದಿದ್ದರು. ಅದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ಬಿ.ಎಸ್ಸಿ. ಮಾಡಿ ಉಡುಪಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನೂ ಸೈನ್ಸ್ ಟೀಚರ್ ಆದೆ.

ರಘುರಾಮ ನನ್ನನ್ನು ನೋಡಲು ಬಂದದ್ದು ಎಪ್ಪತ್ತೆಂಟರಲ್ಲಿ. ಕಾಪುವಿನ ದೋಣಿ ಮನೆತನದಲ್ಲಿ ಕಾಲೇಜು ಓದಿದ ಮೊದಲನೆಯವರು, ಮಣಿಪಾಲದಲ್ಲಿ ಲೆಕ್ಚರರ್. ಹಿರಿಯರು ನಮ್ಮನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಹೋದಾಗ ಅವರು ಕೇಳಿದ್ದು ಅಡುಗೆ ಬರುತ್ತದಾ ಎಂದಲ್ಲ.

"ಎಂಬತ್ತರ ಫೆಬ್ರುವರಿಯಲ್ಲಿ ಟೋಟಲ್ ಸೋಲಾರ್ ಎಕ್ಲಿಪ್ಸ್ ಉಂಟು, ಗೊತ್ತುಂಟಾ ನಿಮಗೆ?"

"ಉಡುಪಿಯಲ್ಲಿಯಾ?"

"ಉಡುಪಿಯಲ್ಲಿ ಪೂರ್ತಿ ಮುಚ್ಚುವುದಿಲ್ಲ, ಒಂದು ಎಳೆ ಉಳಿಯುತ್ತದೆ. ಒಂದು ಎಳೆ ಉಳಿದರೂ ಹಗಲು ಹಗಲೇ. ಪೂರ್ತಿ ಕಾಣಬೇಕಾದರೆ ಅಂಕೋಲಾಕ್ಕೆ ಹೋಗಬೇಕು. ನಾವು ಹೋಗುವ."

ಆ "ನಾವು" ಎಂಬ ಒಂದು ಶಬ್ದಕ್ಕೆ ನಾನು ಮದುವೆಯಾದೆ ಎಂದರೆ ನೀವು ನಗಬಹುದು. ಮದುವೆಯಾದ ಮೇಲೂ ಒಂದೂವರೆ ವರ್ಷ ನಮ್ಮಿಬ್ಬರ ನಡುವೆ ಅದೇ ಆಟ. ಸಾರಿಗೆ ಉಪ್ಪು ಕಡಿಮೆಯಾದರೆ "ಅಂಕೋಲಾಕ್ಕೆ ಕರೆದುಕೊಂಡು ಹೋಗುವುದಿಲ್ಲ ನೋಡು" ಎನ್ನುತ್ತಿದ್ದರು. ನಾನು ಸಿಟ್ಟಾದರೆ "ಅಂಕೋಲಾದಲ್ಲಿ ರಾಜಿ ಮಾಡಿಕೊಳ್ಳುವ ಮಾರಾಯ್ತಿ" ಎನ್ನುತ್ತಿದ್ದರು.

ಆ ಫೆಬ್ರುವರಿ ಬಂದಾಗ ನನಗೆ ಐದು ತಿಂಗಳು.

ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. "ಬಸುರಿ ಹೆಂಗಸು ಗ್ರಹಣಕ್ಕೆ ಹೊರಗೆ ಕಾಲಿಡುವುದಾ? ತುಟಿ ಹರಿದ ಮಗು ಹುಟ್ಟಿದರೆ ಯಾರು ಜವಾಬು ಹೇಳುವುದು? ನಿನ್ನ ಸಿಸ್ಟರುಗಳಾ?" ನಾನು ರಘುರಾಮರ ಮುಖ ನೋಡಿದೆ. ಅವರು ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದರು. ಆಮೇಲೆ ಬಾವಿಕಟ್ಟೆಯ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಅದರಲ್ಲಿ ಅರ್ಥ ಇಲ್ಲ ಎಂದು ನನಗೂ ಗೊತ್ತುಂಟು. ಆದರೆ ಅಮ್ಮನ ಮನಸ್ಸು ನೋಯಿಸುವುದು ಬೇಡ. ನಾನು ನೋಡಿ ಬಂದು ನಿನಗೆ ಒಂದೊಂದೇ ಹೇಳುತ್ತೇನೆ, ಪ್ರಾಮಿಸ್."

ಕಾಲೇಜಿನ ಹುಡುಗರ ಜೊತೆ ವ್ಯಾನಿನಲ್ಲಿ ಅವರು ಹಿಂದಿನ ದಿನವೇ ಹೊರಟರು. ಕಪ್ಪು ಗಾಜು, ದುರ್ಬೀನು, ಒಂದು ಬುತ್ತಿ ಅವಲಕ್ಕಿ. ಅವಲಕ್ಕಿ ಕಲಸಿ ಕೊಟ್ಟವಳು ನಾನು.

ಗ್ರಹಣದ ದಿನ ಕಾಪುವಿನಲ್ಲಿ ಯಾವ ದೋಣಿಯೂ ಕಡಲಿಗೆ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೇಟೆಯ ಅಂಗಡಿಗಳ ಹಲಗೆ ಹಾಕಿದ್ದರು, ರಸ್ತೆಯಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ. ಅತ್ತೆ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ಎಲ್ಲ ದರ್ಭೆ ಹಾಕಿದರು. ಹರಿವಾಣದಲ್ಲಿ ನೀರು ಹೊಯ್ದು ಅದರ ನಡುವೆ ಒನಕೆ ನಿಲ್ಲಿಸಿದರು. ಗ್ರಹಣ ಇರುವಷ್ಟು ಹೊತ್ತು ಅದು ತಾನಾಗಿ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ನನ್ನನ್ನು ಕರೆದರು.

"ಬಲೆಕೋಣೆಯಲ್ಲಿ ಚಾಪೆ ಹಾಕಿದ್ದೇನೆ. ಅಲ್ಲಿ ಕಿಟಕಿ ಇಲ್ಲ, ಒಳ್ಳೆಯದು. ನೆಟ್ಟಗೆ ಮಲಗು. ಕೈ ಮಡಚಬೇಡ, ಕಾಲು ಮಡಚಬೇಡ, ಮೈ ಕೆರೆಯಬೇಡ."

"ಸೊಳ್ಳೆ ಕಚ್ಚಿದರೆ?"

"ಕಚ್ಚಲಿ."

ಹೊರಗಿನಿಂದ ಚಿಲಕ ಬಿತ್ತು.

ನಾನು ಮಲಗಿದೆ. ಅಪಮಾನ, ಸೆಕೆ, ಮೀನೆಣ್ಣೆಯ ವಾಸನೆ. ಐ ವಾಸ್ ಎ ಸೈನ್ಸ್ ಟೀಚರ್! ಹೊಟ್ಟೆಯೊಳಗೆ ಮಗು ಒಮ್ಮೆ ಹೊರಳಿತು. ಹಂಚಿನ ಸಂದುಗಳಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ, ಬಲೆಯ ರಾಶಿಯ ಮೇಲೆ, ನನ್ನ ಸೀರೆಯ ಮೇಲೆ ದುಂಡುದುಂಡಗೆ ಬಿದ್ದಿತ್ತು. ಎಲ್ಲ ಹಂಚಿನ ಮನೆಗಳಲ್ಲೂ ಬೀಳುವಂಥದ್ದೇ. ನಾನು ಮೇಲೆ ಜಂತಿ ನೋಡುತ್ತಾ ಅಂಕೋಲಾದ ಬಗ್ಗೆ ಯೋಚಿಸುತ್ತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಕೆಳಗೆ ದೃಷ್ಟಿ ಹೋಯಿತು. ದುಂಡಗಿದ್ದ ಬೆಳಕಿನ ಒಂದು ಬದಿಯನ್ನು ಯಾರೋ ಕಚ್ಚಿದ ಹಾಗಿತ್ತು. ಒಂದಲ್ಲ, ಎಲ್ಲವೂ. ಸಿಸ್ಟರ್ ಹೇಳಿದ್ದು ನೆನಪಾಯಿತು. ಒಳಗೆ ಬೀಳುವುದು ಸೂರ್ಯನದೇ ಚಿತ್ರ. ಮಾಡಿನ ಒಂದೊಂದು ಸಂದೂ ಒಂದೊಂದು ಪಿನ್‌ಹೋಲ್! ಗ್ರಹಣ ತಾಗಬಾರದೆಂದು ಇಡೀ ಮನೆಯಲ್ಲಿ ಹುಡುಕಿ ಆರಿಸಿದ ಕೋಣೆಯೊಳಗೆ ನೂರಾರು ಗ್ರಹಣಗಳು ಬಂದು ಮಲಗಿದ್ದವು. ನೋಡನೋಡುತ್ತಾ ಅವು ತೆಳ್ಳಗಾದವು, ಬಿದಿಗೆಯ ಚಂದ್ರನ ಹಾಗೆ, ಆಮೇಲೆ ಕತ್ತರಿಸಿದ ಉಗುರಿನ ಹಾಗೆ. ಕೋಣೆ ಬೂದಿಬಣ್ಣಕ್ಕೆ ತಿರುಗಿತು. ಹೊರಗೆ ಕಾಗೆಗಳು ಒಮ್ಮೆಲೇ ಕೂಗಿ ಸುಮ್ಮನಾದವು. ಮಸೀದಿಯ ಕಡೆಯಿಂದ ಗ್ರಹಣದ ನಮಾಜಿನ ಸ್ವರ ಗಾಳಿಯಲ್ಲಿ ಬಂತು. ನನ್ನ ಹೊಟ್ಟೆಯ ಮೇಲೆ ಮೂರು ಸಣ್ಣ ಬಾಗಿದ ಸೂರ್ಯರು, ನಾನು ಉಸಿರಾಡಿದಂತೆ ಏರುತ್ತಾ ಇಳಿಯುತ್ತಾ ಇದ್ದರು. ನನ್ನ ಬದುಕಿನಲ್ಲಿ ಅಷ್ಟು ಚಂದದ ವಸ್ತುವನ್ನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಜಗಲಿಯಲ್ಲಿ ಒನಕೆ ದಡಾರನೆ ಬಿತ್ತು. ಅತ್ತೆ ಚಿಲಕ ತೆಗೆದರು. ಕಾಲು ಜೋಮುಹಿಡಿದಿತ್ತು, ಆದರೂ ನಾನು ನಗುತ್ತಾ ಎದ್ದೆ. ಆ ಖುಷಿಯನ್ನು ಯಾರಿಗಾದರೂ ಹೇಳಲೇಬೇಕಿತ್ತು, ಎದುರಿಗೆ ಇದ್ದವರು ಅವರು. ಅವರೊಂದಿಗೆ ಮಾತು ತುಳುವಿನಲ್ಲೇ ಆಗಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಂಗ್ಲಿಷ್: ಐ ಸಾ ದಿ ಎಕ್ಲಿಪ್ಸ್. ನಾನು ಹೇಳಿದೆ:

"ಮಾಮಿ, ಯಾನ್ ಗ್ರಹಣ ತೂಯೆ!"

ತುಳುವಿನಲ್ಲಿ "ತೂಯೆ" ಎಂದರೆ ನೋಡಿದೆ ಎಂದು. ಕಣ್ಣೆತ್ತಿ, ಮನಸ್ಸಿಟ್ಟು ನೋಡಿದ್ದಕ್ಕೆ ಅದು. ತಾನಾಗಿ ಕಣ್ಣಿಗೆ ಬಿದ್ದದ್ದಕ್ಕೆ ಬೇರೆ ಶಬ್ದ ಇದೆ, "ತೋಜಿಂಡ್", ಅಂದರೆ ಕಾಣಿಸಿತು. ಮನೆಯಲ್ಲಿ ತುಳು ಆಡುತ್ತಾ ಬೆಳೆದ ಮೂರು ವರ್ಷದ ಮಗುವೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಕುತ್ತಿಗೆಗೆ ಮರದ ಬಿಲ್ಲೆ ಕಟ್ಟಿಕೊಂಡು ಬೆಳೆದವಳಿಗೆ ಮಾತ್ರ ಆಗುವ ತಪ್ಪು ಅದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ "ಸಾ".

ಅತ್ತೆಯ ಮುಖ ಬಿಳಿಚಿಹೋಯಿತು. "ನೋಡಿದೆಯಾ? ಎಲ್ಲಿಂದ ನೋಡಿದೆ? ಹಂಚು ಸರಿಸಿದೆಯಾ?"

ಇಲ್ಲ ಅತ್ತೆ, ಬೆಳಕು ಬಿತ್ತು, ಹೊಟ್ಟೆಯ ಮೇಲೆ, ಎಂದು ವಿವರಿಸಲು ಹೋದೆ. ಅದರಿಂದ ಇನ್ನೂ ಕೆಟ್ಟಿತು. ಅವರು ನನ್ನ ತಲೆಗೆ ಕೊಡಗಟ್ಟಲೆ ತಣ್ಣೀರು ಸುರಿದರು, ಸುರಿಯುತ್ತಾ ಅತ್ತರು. ಅವರ ಅಳು ನಾಟಕವಲ್ಲ. ಅಷ್ಟು ನ್ಯಾಯವನ್ನು ನಾನು ಅವರಿಗೆ ಮಾಡಲೇಬೇಕು.

ಮರುದಿನ ರಘುರಾಮ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಕೈಕಾಲು ತೊಳೆಯದೆ ಹೇಳಲು ಕೂತರು.

"ಮೊದಲು ಗಾಳಿ ತಣ್ಣಗಾಯಿತು ಪುಷ್ಪಾ. ಆಮೇಲೆ ಕಡಲಿನ ಮೇಲಿಂದ ನೆರಳು ಓಡಿಬಂತು, ನಿಜವಾಗಿ ಓಡಿ! ಡೈಮಂಡ್ ರಿಂಗ್ ಎಂದು ಪುಸ್ತಕದಲ್ಲಿ ಓದಿದ್ದೆನಲ್ಲ, ಅದು ಒಂದು ಕ್ಷಣ. ಮತ್ತೆ ಸೂರ್ಯ ಇದ್ದಲ್ಲಿ ಒಂದು ಕಪ್ಪು ತೂತು, ಸುತ್ತ ಬಿಳಿ ಕೂದಲು ಹರಡಿದ ಹಾಗೆ. ಶುಕ್ರ ಹಗಲಲ್ಲೇ ಕಾಣಿಸಿತು. ನಮ್ಮ ಹುಡುಗರು ಬೊಬ್ಬೆ ಹಾಕುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಒಬ್ಬ ಮೊಣಕಾಲೂರಿ ಕೂತುಬಿಟ್ಟ. ಬಾಗಿಲು ಹಾಕಿಕೊಂಡಿದ್ದ ಊರಿನವರು ಒಬ್ಬೊಬ್ಬರೇ ಇಣುಕಿ ಹೊರಗೆ ಬಂದರು. ಒಂದು ಮುದುಕಿ ಕೈ ಮುಗಿದು ನಿಂತಿದ್ದಳು. ನಾನು... ನಗಬೇಡ, ನಾನು ಅತ್ತುಬಿಟ್ಟೆ."

"ಕಪ್ಪು ಗಾಜಿನಲ್ಲಿ ನೋಡಿದಿರಾ?"

"ಪೂರ್ತಿ ಮುಚ್ಚಿದಾಗ ಗಾಜು ಬೇಡ. ಬರಿಗಣ್ಣಲ್ಲಿ."

ಆಮೇಲೆ ನಾನು ಬಲೆಕೋಣೆಯ ಕತೆ ಹೇಳಿದೆ. ಅವರು ಎದ್ದು ನಿಂತರು. "ಪಿನ್‌ಹೋಲ್ ಇಮೇಜ್! ಬ್ರಿಲಿಯಂಟ್! ನೀನು ಸೂರ್ಯನನ್ನು ನೋಡದೆ ಗ್ರಹಣ ಕಂಡವಳು ಮಾರಾಯ್ತಿ." ನನ್ನ ಕೈ ಹಿಡಿದುಕೊಂಡು ಕೋಣೆಗೆ ಹೋಗಿ ಯಾವ ಸಂದು, ಯಾವ ಕೋನ ಎಂದೆಲ್ಲ ನೋಡಿದರು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನಾನು ನೋಡಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆ ಮನೆಯಲ್ಲಿ ಅದು ಪೂರ್ತಿಯಾಗಿ, ವಿಜ್ಞಾನದ ಸಮೇತ ಗೊತ್ತಿದ್ದ ಒಬ್ಬರೇ ವ್ಯಕ್ತಿ ಅವರು.

ಜೂನಿನಲ್ಲಿ, ಮಳೆ ಹಿಡಿದ ವಾರ, ಮಣಿಪಾಲದ ಆಸ್ಪತ್ರೆಯಲ್ಲಿ ವೀಣಾ ಹುಟ್ಟಿದಳು. ಮೇಲ್ತುಟಿ ಮೂಗಿನವರೆಗೆ ಸೀಳಿತ್ತು.

ಡಾಕ್ಟರು ಒಳ್ಳೆಯವರು, ಹೊರರಾಜ್ಯದವರು. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಆಪರೇಷನ್ ಮಾಡಿದರೆ ಸರಿಹೋಗುತ್ತದೆ. ಮಗುವಿನ ತುಟಿ ಕೂಡುವುದು ಗರ್ಭದ ಎರಡನೇ ತಿಂಗಳಲ್ಲೇ. ಐದನೇ ತಿಂಗಳ ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೆಲವು ಮನೆತನಗಳಲ್ಲಿ ಬರುತ್ತದೆ. "ಎನಿಬಡಿ ಇನ್ ದಿ ಫ್ಯಾಮಿಲಿ?" ಎಂದು ಕೇಳಿದರು. ರಘುರಾಮ "ನೋ, ಡಾಕ್ಟರ್" ಎಂದರು.

ಹೊರಗೆ ಬೆಂಚಿನಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. "ಎಂತ ಹೇಳಿದರು ರಘು?"

"ಆಪರೇಷನ್ ಮಾಡಬಹುದಂತೆ" ಎಂದರು. ಅಷ್ಟೇ. ಎರಡನೇ ತಿಂಗಳ ಮಾತು ಅವರ ಬಾಯಿಂದ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಕೊನೆಗೆ ನಾನೇ ಹರಕು ತುಳುವಿನಲ್ಲಿ ಹೇಳಿದೆ. ಅತ್ತೆ ನನ್ನನ್ನು ನೋಡಲೂ ಇಲ್ಲ. "ನಿನ್ನ ಬಾಯಲ್ಲೇ ಹೇಳಿದ್ದಲ್ವಾ ಅವತ್ತು, ತೂಯೆ ಎಂದು?"

ಆ ಮಳೆಗಾಲದಲ್ಲಿ ನೋಡಲು ಬಂದವರೆಲ್ಲ ಕೊಡೆ ಮಡಚಿ, ತೊಟ್ಟಿಲೊಳಗೆ ಬಗ್ಗಿ, ಆಮೇಲೆ ನನ್ನ ಕಡೆ ತಿರುಗುತ್ತಿದ್ದರು. "ಓದಿದವಳಲ್ವಾ. ಆಸೆ ತಡೆಯಲಿಕ್ಕೆ ಆಗಲಿಲ್ಲ, ಪಾಪ" ಎಂದು ಒಬ್ಬಳು ನನ್ನೆದುರೇ ಹೇಳಿದಳು. ವೀಣಾಳಿಗೆ ಮೊಲೆ ಕಚ್ಚಲು ಆಗುತ್ತಿರಲಿಲ್ಲ. ನಾನು ಚಮಚದಲ್ಲಿ ಹನಿಹನಿಯಾಗಿ ಹಾಲು ಬಿಡುತ್ತಾ ಕೂತಿರುತ್ತಿದ್ದೆ.

ಒಂದು ದಿನ ಹೆಜಮಾಡಿಯಿಂದ ದೊಡ್ಡಮ್ಮ ಬಂದರು. ಅತ್ತೆಯ ಸ್ವಂತ ಅಕ್ಕ. ಮದುವೆಯಾಗದೆ ಉಳಿದವರು. ನಮ್ಮ ಮದುವೆಯಲ್ಲಿ ಅವರನ್ನು ನೋಡಿದ್ದೆ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ನಾಚಿಕೆಯ ಹೆಂಗಸು ಎಂದುಕೊಂಡಿದ್ದೆ. ಅವರು ಬಂದದ್ದು ನೋಡಿ ಅತ್ತೆ ಬಾಗಿಲಿಗೇ ಹೋದರು. "ಈ ಮಳೆಗೆ ನಿನಗೆ ಎಂತ ಬರುವ ಅವಸರ ಅಕ್ಕಾ?"

ದೊಡ್ಡಮ್ಮ ಒಳಗೆ ಬಂದು ನನ್ನ ಮಗ್ಗುಲಲ್ಲಿ ಕೂತರು. ಮಗುವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಎರಡೂ ಕೈಯಲ್ಲಿ ಮಗು. ಸೆರಗು ಹಿಡಿಯಲು ಕೈ ಉಳಿಯಲಿಲ್ಲ. ಅದು ಜಾರಿ ಬಿತ್ತು. ಅವರ ಮೇಲ್ತುಟಿ ಮೂಗಿನವರೆಗೆ ಸೀಳಿತ್ತು. ಆ ಕಾಲದಲ್ಲಿ ಹೊಲಿಯುವವರು ಇರಲಿಲ್ಲ.

"ನಿನಗೆ ಹೇಳಿದ ಹಾಗೆಯೇ ನನ್ನ ಅಮ್ಮನಿಗೂ ಹೇಳಿದ್ದರು" ಎಂದರು ಮೂಗಿನಲ್ಲಿ. ಶಬ್ದ ಶಬ್ದಕ್ಕೂ ಗಾಳಿ ಸೋರುತ್ತಿತ್ತು. "ಗ್ರಹಣದ ಹೊತ್ತಿಗೆ ಮೀನು ಕುಯ್ದಳು ಎಂದು. ಅವಳು ಸಾಯುವವರೆಗೆ ನನ್ನ ಹತ್ತಿರ ಆಣೆ ಹಾಕುತ್ತಿದ್ದಳು, ಕುಯ್ಯಲಿಲ್ಲ ಮಗಾ, ಕತ್ತಿ ಮುಟ್ಟಲಿಲ್ಲ ಎಂದು. ನಾನು ನಂಬಲಿಲ್ಲ. ಇವತ್ತು ನಂಬಿದೆ."

ಅತ್ತೆ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದರು. "ಸಾಕು, ಏಳು. ಬಸ್ಸು ತಪ್ಪುತ್ತದೆ." ನನ್ನ ನಾದಿನಿಯರಿಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಆ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಸಂಜೆ ರಘುರಾಮ ಕಾಲೇಜಿನಿಂದ ಬಂದು ಜಗಲಿಯಲ್ಲಿ ಒದ್ದೆ ಬೂಟು ಬಿಚ್ಚುತ್ತಿದ್ದಾಗ ಕೇಳಿದೆ. "ಡಾಕ್ಟರು ಕೇಳಿದಾಗ ನಿಮಗೆ ದೊಡ್ಡಮ್ಮನ ನೆನಪು ಬರಲಿಲ್ಲವಾ?"

ಅವರು ಇನ್ನೊಂದು ಬೂಟಿನ ಲೇಸಿಗೆ ಕೈ ಹಾಕಿದರು.

"ನಾನು ನೋಡಲಿಲ್ಲ ಎಂದು ನಿಮಗೆ ಗೊತ್ತುಂಟು. ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಿ. ಇನ್ನು ಯಾರೂ ನಂಬುವುದು ಬೇಡ, ನೀವು ಹೇಳಿ ಸಾಕು."

"ಹೇಳಿದರೆ ಮತ್ತೆ ಕೇಳುತ್ತಾರೆ ಪುಷ್ಪಾ, ಹಾಗಾದರೆ ಯಾಕೆ ಹೀಗಾಯಿತು ಎಂದು."

"ಕೇಳಲಿ."

"ಮನೆಯಲ್ಲಿ ಇಬ್ಬರು ಹುಡುಗಿಯರು ಉಂಟು. ರಕ್ತದಲ್ಲೇ ಉಂಟು ಎಂದು ಊರಿಗೆ ಗೊತ್ತಾದರೆ ಅವರನ್ನು ಯಾರು ಮದುವೆ ಆಗುತ್ತಾರೆ? ಗ್ರಹಣ ಎಂದರೆ ಯಾರಿಗೂ ತೊಂದರೆ ಇಲ್ಲ."

"ನನಗೆ?"

ಅವರು ಮಳೆ ನೋಡಿದರು. ಅಂಕೋಲಾದಲ್ಲಿ ಬರಿಗಣ್ಣಲ್ಲಿ ಕಪ್ಪು ಸೂರ್ಯನನ್ನು ನೋಡಿ ಅತ್ತ ಮನುಷ್ಯ ನನ್ನನ್ನು ಎರಡು ನಿಮಿಷ ನೋಡಲಾರದೆ ಹೋದರು. ಅವತ್ತಿನಿಂದ ಅವರು ಸಾಯುವ ತನಕ ನಾವು ಚೆನ್ನಾಗಿಯೇ ಸಂಸಾರ ಮಾಡಿದೆವು. ಅಂಕೋಲಾ ಎಂಬ ಶಬ್ದವನ್ನು ಮಾತ್ರ ಇಬ್ಬರೂ ಆಡಲಿಲ್ಲ.

ನಾದಿನಿಯರಿಗೆ ಒಳ್ಳೆಯ ಮನೆಗಳು ಸಿಕ್ಕಿದವು. ವೀಣಾಳಿಗೆ ಆಪರೇಷನ್ ಆಯಿತು, ಗಾಯ ಒಂದು ಬಿಳಿ ಗೆರೆಯಾಗಿ ಉಳಿಯಿತು. ಶಾಲೆಯಲ್ಲಿ ಮಕ್ಕಳು ಅವಳನ್ನು ಗ್ರಹಣ ಎಂದೇ ಕರೆದರು. ಆರೇಳು ವರ್ಷವಿದ್ದಾಗ ಒಂದು ದಿನ ಬ್ಯಾಗು ಎಸೆದು ಕೇಳಿದಳು, "ನೀನು ಯಾಕಮ್ಮಾ ನೋಡಿದ್ದು? ಅಜ್ಜಿ ಬೇಡ ಎಂದಿದ್ದರಲ್ವಾ?" ನಾನು ಅವಳನ್ನು ಬಲೆಕೋಣೆಗೆ ಕರೆದುಕೊಂಡು ಹೋದೆ, ಹಂಚಿನ ಸಂದು ತೋರಿಸಿದೆ, ಬಿಸ್ಕಿಟ್ ಡಬ್ಬಿಗೆ ತೂತು ಮಾಡಿದೆ, ಎರಡನೇ ತಿಂಗಳು, ಐದನೇ ತಿಂಗಳು ಎಂದೆ. ದೊಡ್ಡಮ್ಮನ ಹೆಸರನ್ನೂ ಹೇಳಿದೆ. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ಅಜ್ಜಿಯ ಕತೆಗೆ ಒಂದೇ ವಾಕ್ಯ ಸಾಕಿತ್ತು. ಅವಳು ಜಗಲಿಗೆ ಬಂದು ಅಪ್ಪನ ಮುಖ ನೋಡಿದಳು. ಅಪ್ಪ ಪೇಪರ್ ಓದುತ್ತಿದ್ದರು.

ವೀಣಾ ಓದಿ ಮಣಿಪಾಲದಲ್ಲೇ ಕೆಲಸಕ್ಕೆ ಸೇರಿದಳು, ಮದುವೆಯಾದಳು. ಅವಳು ಬಸುರಿಯಾಗಿದ್ದಾಗ ಮತ್ತೊಂದು ಸೂರ್ಯಗ್ರಹಣ ಬಂತು, ನಮ್ಮ ಕಡೆ ಮುಕ್ಕಾಲು ಪಾಲು ಮುಚ್ಚುವಂಥದ್ದು. "ನಿನ್ನ ಅಳಿಯ ಊರಲ್ಲಿಲ್ಲ, ನೀನು ಬಂದು ಕೂತುಕೋ ಅಮ್ಮ" ಎಂದಳು. ಹೋದೆ. ಫ್ಲ್ಯಾಟಿನ ಎಲ್ಲ ಕಿಟಕಿಗಳಿಗೆ ದಪ್ಪ ಪರದೆ ಎಳೆದು ಪಿನ್ ಹಾಕಿದ್ದಳು. ತಾನು ಸೋಫಾದಲ್ಲಿ ನೆಟ್ಟಗೆ ಮಲಗಿದ್ದಳು, ಕೈ ಮಡಚದೆ, ಕಾಲು ಮಡಚದೆ.

"ನೀನು ಇದನ್ನೆಲ್ಲ ನಂಬುತ್ತೀಯಾ ವೀಣಾ?" ಎಂದೆ.

"ನಂಬುವುದು ಬಿಡುವುದು ಬೇರೆ ಅಮ್ಮ. ರಿಸ್ಕ್ ಯಾಕೆ ತೆಗೆದುಕೊಳ್ಳಬೇಕು?" ಆಮೇಲೆ ಮೆಲ್ಲಗೆ ಹೇಳಿದಳು, "ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಗೊತ್ತಾ? ನಿನಗೆ ಆಗ ಸಣ್ಣ ವಯಸ್ಸು, ಆಸೆ ಇತ್ತು, ನೋಡಿದೆ. ನಾನು ಕ್ಷಮಿಸಿ ಎಷ್ಟೋ ವರ್ಷ ಆಯಿತು."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬಸುರಿ ಹುಡುಗಿಯ ಹತ್ತಿರ ಜಗಳವಾಡುವುದಾ? ನುಂಗಿಕೊಂಡು ಕೆಳಗೆ ನೋಡಿದೆ. ಪರದೆಯಲ್ಲಿ ಎಲ್ಲೋ ಒಂದು ಪಿನ್ ಕಿತ್ತ ತೂತು ಇದ್ದಿರಬೇಕು. ಸೋಫಾದ ಕಾಲಿನ ಹತ್ತಿರ ನೆಲದ ಮೇಲೆ ಒಂದು ಸಣ್ಣ ಬಾಗಿದ ಸೂರ್ಯ ಬಿದ್ದಿದ್ದ. ಮೂವತ್ತು ವರ್ಷಗಳ ಹಿಂದೆ ನನ್ನ ಹೊಟ್ಟೆಯ ಮೇಲೆ ಏರಿಳಿದವನೇ. ಅವಳು ಸ್ವಲ್ಪ ತಲೆ ತಿರುಗಿಸಿದ್ದರೆ ಕಾಣುತ್ತಿತ್ತು. ಇಗೋ ನೋಡು, ಇದನ್ನೇ ನಾನು ಹೇಳಿದ್ದು, ಎಂದು ಬೆರಳು ಮಾಡಿ ತೋರಿಸಬಹುದಿತ್ತು. ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ, ಬದುಕಿನಲ್ಲಿ ಎರಡನೇ ಸಲ ತಾನಾಗಿ ಬಂದಿತ್ತು.

ಆದರೆ ನಾಳೆ ಇವಳ ಮಗುವಿಗೆ ಏನಾದರೂ ಆದರೆ? ದೊಡ್ಡಮ್ಮನ ರಕ್ತ ಇವಳಲ್ಲೂ ಇದೆಯಲ್ಲ. ಆಗ ಇವಳೇ ಹೇಳುತ್ತಾಳೆ, ನಾನು ನೋಡಿದೆ ಎಂದು. ಇವಳ ಮಗಳು ಮುಂದೆ ಇವಳನ್ನು ಕ್ಷಮಿಸುತ್ತಾಳೆ.

ನಾನು ಕುರ್ಚಿಯಿಂದ ಇಳಿದು, ಕಿಟಕಿಗೆ ಬೆನ್ನು ಹಾಕಿ, ಆ ಬೆಳಕಿನ ದಾರಿಗೆ ಅಡ್ಡವಾಗಿ ನೆಲದ ಮೇಲೆ ಕೂತೆ. ಸೂರ್ಯ ನನ್ನ ಬೆನ್ನಿಗೆ ಬಿದ್ದ.

"ಎಂತಮ್ಮಾ ಅಲ್ಲಿ?" ಎಂದಳು ವೀಣಾ, ತಲೆ ಎತ್ತದೆ.

ನನ್ನ ತುಳು ಈಗ ಚೆನ್ನಾಗಿದೆ. ಯಾವ ಶಬ್ದ ಎಲ್ಲಿ ಎಂದು ಗೊತ್ತು.

"ದಾಲಾ ತೋಜುಜಿ ಮಗಾ" ಎಂದೆ. ಏನೂ ಕಾಣುವುದಿಲ್ಲ.